ಜಾರಿ ನಿಧಿಯ ಭರಣಿ

ಆ ದಿನ ಬೆಳಿಗ್ಗೆ, ಸಂಡಿಗೆಗೆಂದೇ ದೇವರು ಕೂತು ಹದ ಮಾಡಿ ಕಳಿಸಿದಂಥ ಬಿಸಿಲು. ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ, ಗಾಳಿ ಇದ್ದೂ ಧೂಳಿಲ್ಲ, ಇಬ್ಬನಿ ಆಗಲೇ ಆರಿ ಜಗಲಿಯ ಕಲ್ಲು ಅಂಗಾಲಿಗೆ ಬೆಚ್ಚಗೆ ತಾಕುತ್ತಿತ್ತು. ನಾನು ಬಡಾವಣೆಯ ಬಾಗಿಲಲ್ಲಿರುವ ಗಣಪನಿಗೆ ದೀಪ ಹಚ್ಚಿ, ಗರಿಕೆ ಏರಿಸಿ ಮನೆಗೆ ಬಂದು ನೋಡಿದರೆ, ಎದುರು ಮನೆಯ ಚೆಲುವಾಜಮ್ಮ ಹಳೆಯ ಬಿಳಿ ಪಂಚೆಯೊಂದನ್ನು ತಮ್ಮ ಜಗಲಿಯ ಮೇಲೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಬೂದುಗುಂಬಳದ ಸಂಡಿಗೆ ಇಡುತ್ತಿದ್ದರು. ಇಂಥ ಬಿಸಿಲನ್ನು ಸುಮ್ಮನೆ ಹಾಳು ಮಾಡುವುದು ಪಾಪ. ಆದರೆ ನಮ್ಮ ಬಡಾವಣೆಯಲ್ಲಿ ಬೀದಿಗೆ ಕಾಣುವ ಹಾಗೆ ಸಂಡಿಗೆ ಒಣಗಿಸುವುದು ಅದಕ್ಕಿಂತ ದೊಡ್ಡ ಪಾಪ. ಯಾವ ಪಾಪ ಹಿರಿದು, ಯಾವುದು ಕಿರಿದು ಎಂದು ಬೇರೆ ಊರಿನವರು ಶಾಸ್ತ್ರ ನೋಡಿ ತಿಳಿಯುತ್ತಾರಂತೆ. ನಮಗೆ ಆ ತೊಂದರೆ ಇಲ್ಲ, ಸಂಘ ಇದೆ.

ಸಂಘ ಎಂದರೆ ನಮ್ಮ ಮನೆ ಮಾಲೀಕರ ಐಚ್ಛಿಕ ಸಂಘ. ಐಚ್ಛಿಕ ಎನ್ನುವ ಮಾತನ್ನು ಅಧ್ಯಕ್ಷ ನಂಜರಾಜಯ್ಯನವರು ಬಹಳ ಒತ್ತಿ ಹೇಳುತ್ತಾರೆ. ಸೇರುವುದು ನಿಮ್ಮ ಇಷ್ಟ, ಬಿಡುವುದು ನಿಮ್ಮ ಇಷ್ಟ. ಕಟ್ಟಳೆ ಮಾತ್ರ ಎಲ್ಲರಿಗೂ, ಯಾಕೆಂದರೆ ಅದು ಮನೆ ಪತ್ರದಲ್ಲೇ ಅಚ್ಚಾಗಿ ಬಂದದ್ದು. ಬಾಗಿಲಿಗೆ ಹಸಿರು ಬಣ್ಣ ಬಳಿಯತಕ್ಕದ್ದು, ಕಾಂಪೌಂಡು ಸೊಂಟ ಮೀರಕೂಡದು, ಬೀದಿಗೆ ಕಾಣುವಂತೆ ಏನನ್ನೂ ಒಣಗಹಾಕಕೂಡದು, ಮನೆಯಲ್ಲಿ ಅಂಗಡಿ ಇಡಕೂಡದು. ಮೀರಿದವರನ್ನು ಏನು ಮಾಡಬೇಕು ಎನ್ನುವುದನ್ನು ಅಚ್ಚು ಹಾಕಿಸಿದವರು ಮರೆತಿದ್ದರು. ಸಂಘಕ್ಕೆ ಪೊಲೀಸರಿಲ್ಲ, ಜೈಲಿಲ್ಲ. ಮಾಡಲು ಸಾಧ್ಯವಿದ್ದದ್ದು ಒಂದೇ, ಅವರ ಮನೆ ಮುಂದೆ ನಿಂತು ಚೆನ್ನಾಗಿ ಬೈಯುವುದು. ಬೈಯುವುದಕ್ಕೆ ಸಿಟ್ಟು ಬೇಕು. ಆದ್ದರಿಂದ ಸಂಘದ ಜಾರಿ ನಿಧಿ ನಡೆಯುವುದು ಸದಸ್ಯರು ಇಷ್ಟಪಟ್ಟು ಕೊಡುವ ಸಿಟ್ಟಿನಿಂದ.

ಕೊಡುವುದೇನೂ ಕಷ್ಟವಲ್ಲ. ಅಮಾವಾಸ್ಯೆಯ ಹಿಂದಿನ ದಿನ ಉಪ್ಪಿನಕಾಯಿ ಭರಣಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಆ ತಿಂಗಳು ಆಡದೆ ನುಂಗಿದ ಮಾತನ್ನೆಲ್ಲ ಅದರ ಬಾಯೊಳಗೆ ಆಡಿ, ಬಟ್ಟೆ ಕಟ್ಟಿ ಇಟ್ಟರಾಯಿತು. ಬೆಳಗಾಗುವ ಹೊತ್ತಿಗೆ ತಳದಲ್ಲಿ ಹುಣಿಸೆಗೊಜ್ಜಿನ ಹಾಗೆ ಕಪ್ಪಗೆ, ಮಂದವಾಗಿ ಕೂತಿರುತ್ತದೆ. ಅದನ್ನು ಗಣಪನ ಗುಡಿಯ ಹಿಂದಿನ ಸಂಘದ ಕೋಣೆಗೆ ತಲುಪಿಸಿ ಬಂದರೆ ಎದೆ ಹಗುರ. ನಾನೂ ಕೊಡುತ್ತ ಬಂದವನೇ. ಅದಕ್ಕೇ ಇದನ್ನೆಲ್ಲ ಇಷ್ಟು ಸಮಾಧಾನವಾಗಿ ಹೇಳುತ್ತಿದ್ದೇನೆ. ಕೆಲವು ಊರುಗಳಲ್ಲಿ ಜನ ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತಾರೆಂದು ಕೇಳಿದ್ದೇನೆ. ಪಾಪ, ದೇವರು ಅವರನ್ನು ಕಾಪಾಡಲಿ.

ಬೈಯುವ ಕೆಲಸ ಪುಟ್ಟಮಲ್ಲಪ್ಪ ಮೇಷ್ಟ್ರದು. ಇಡೀ ಆಯುಷ್ಯ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವರು, ಇರುವೆ ಸಾಲು ಕಂಡರೆ ದಾಟದೆ ಸುತ್ತಿ ಹೋಗುವವರು. ಸ್ವಂತ ಸಿಟ್ಟು ಇರುವವರಿಗೆ ಈ ಕೆಲಸ ಕೊಟ್ಟರೆ ಬೆರಕೆಯಾಗುತ್ತದೆ, ಲೆಕ್ಕ ಸಿಗುವುದಿಲ್ಲ ಎಂದು ಹುಡುಕಿ ಹುಡುಕಿ ಅವರನ್ನು ಹಿಡಿದದ್ದು. ಮೇಷ್ಟ್ರು ಭರಣಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡು ಹೊರಟರೆ ಬೀದಿಯ ನಾಯಿಗಳು ಎದ್ದು ದಾರಿ ಬಿಡುತ್ತಿದ್ದವು. ಒಂದೇ ಒಂದು ತೊಡಕು. ಯಾರ ಸಿಟ್ಟನ್ನು ನೆಕ್ಕುತ್ತಾರೋ ಅವರ ಮಾತೇ ಬಾಯಿಗೆ ಬರುತ್ತಿತ್ತು.

ಮೊದಲ ಸಲ ಚೆಲುವಾಜಮ್ಮನ ಭರಣಿಗೆ ಬೆರಳದ್ದಿ ಹೋದದ್ದು ಡೈರಿ ಗುರುಮೂರ್ತಿಯ ಮನೆಗೆ. ಅವನು ಕಾಂಪೌಂಡನ್ನು ಎದೆಯೆತ್ತರ ಕಟ್ಟಿಸಿದ್ದ. ಮೇಷ್ಟ್ರು ಗೇಟು ಹಿಡಿದು ನಿಂತು, "ಮೂರು ಜನಕ್ಕೆ ಅನ್ನ ಮಾಡು ಅಂತ ಹೇಳಿ ಹೋಗ್ತೀರಿ, ಐದು ಜನರನ್ನ ಬೆನ್ನಿಗೆ ಹಾಕ್ಕೊಂಡು ಬರ್ತೀರಿ. ನನ್ನ ಕೈಲೇನು ಅಕ್ಷಯಪಾತ್ರೆ ಇದೆಯೇನ್ರೀ? ಮಿಕ್ಕಿದ ಸಾರನ್ನ ನಾನು ಕುಡೀಬೇಕು, ನೀವು ಪುಣ್ಯ ಕಟ್ಕೋಬೇಕು" ಎಂದರು. ಮದುವೆಯಾಗದ ಗುರುಮೂರ್ತಿ ಹೆದರಿ ಮರುದಿನವೇ ಗೋಡೆ ಒಡೆಸಿದ. ಸಂಘದವರಿಗೆ ಬಹಳ ತೃಪ್ತಿಯಾಯಿತು. "ಮಾತು ಯಾವುದಾದರೇನು ಸ್ವಾಮಿ, ಕಾವು ಮುಖ್ಯ" ಎಂದರು ನಂಜರಾಜಯ್ಯ.

ನಿಜವೇ. ಉಳಿದವರು ಕೊಡುತ್ತಿದ್ದದ್ದು ನೀರುನೀರು ಸಿಟ್ಟು. ಹಾಲಿನವನ ಮೇಲಿನದು, ಕರೆಂಟು ಹೋದದ್ದು, ಧಾರಾವಾಹಿಯ ಅತ್ತೆಯ ಮೇಲಿನದು. ಚೆಲುವಾಜಮ್ಮನದು ಹಾಗಲ್ಲ. ಅವರ ಯಜಮಾನರು ತಿರುಮಲಯ್ಯನವರು ಬಲು ಒಳ್ಳೆಯ ಮನುಷ್ಯ, ಬೀದಿಯವರಿಗೆ. ಕೇಳಿದವರಿಗೆಲ್ಲ ಕೊಡುವರು, ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುವರು, ಹೆಂಡತಿಯನ್ನು ಮಾತ್ರ ಒಂದು ಮಾತೂ ಕೇಳುತ್ತಿರಲಿಲ್ಲ. ಆ ಮನೆಯಿಂದ ತಿಂಗಳು ತಿಂಗಳೂ ಭರ್ತಿ ಭರಣಿ ಬರುತ್ತಿತ್ತು. ಇಡೀ ಬಡಾವಣೆಯ ಬಾಗಿಲುಗಳು ಹಸಿರಾದದ್ದು ಆ ಒಬ್ಬ ಹೆಂಗಸಿನ ಸಿಟ್ಟಿನಿಂದ. ಸಂಘ ಅವರಿಗೆ ಮಹಾದಾನಿ ಎಂದು ಶಾಲು ಹೊದಿಸಿತು. ತಿರುಮಲಯ್ಯ ತೀರಿಕೊಂಡಾಗ ನಂಜರಾಜಯ್ಯ, "ಇದು ಸಂಘಕ್ಕೆ ತುಂಬಲಾರದ ನಷ್ಟ" ಎಂದು ಗದ್ಗದಿತರಾಗಿ ಭಾಷಣ ಮಾಡಿದರು. ಕೇಳಿದವರು ಸ್ನೇಹದ ಮಾತು ಎಂದುಕೊಂಡರು. ಅವರು ಹೇಳಿದ್ದು ನಿಧಿಯ ವಿಚಾರ.

ಕೊಟ್ಟೂ ಕೊಟ್ಟೂ ಚೆಲುವಾಜಮ್ಮ ಬೆಣ್ಣೆಯಂತಾಗಿದ್ದರು. ಹಾಲು ಒಡೆದರೂ ಆಗಲಿ ಬಿಡಿ, ಹಸು ನುಗ್ಗಿ ತುಳಸಿ ತಿಂದರೂ ಆಗಲಿ ಬಿಡಿ. ಎಷ್ಟು ದೊಡ್ಡ ಮನಸ್ಸು ಎಂದು ಬೀದಿಯ ಹೆಂಗಸರು ಕೈಮುಗಿಯುತ್ತಿದ್ದರು. ಆ ಮನಸ್ಸಿನ ಅಳತೆಯನ್ನು ಸರಿಯಾಗಿ ತೆಗೆದವನು ಮಾತ್ರ ಅವರ ಮೈದುನ ರಂಗಧಾಮಯ್ಯ. ಅಣ್ಣ ಇದ್ದಾಗಲೇ ನಾಲ್ಕು ದಿನ ಸಾಮಾನು ಇಡುತ್ತೇನೆಂದು ಮುಂದಿನ ಕೋಣೆಯ ಬೀಗದಕೈ ಇಸಿದುಕೊಂಡಿದ್ದವನು, ಅಣ್ಣನ ತಿಥಿಯ ಊಟ ಮುಗಿದ ಮೇಲೆ ಆ ಕೋಣೆಯಲ್ಲಿ ಮೊಳೆ, ಬೋಲ್ಟು, ನಲ್ಲಿಗಳ ಅಂಗಡಿ ತೆರೆದ. "ನಿಮಗೂ ಒಂದು ಮಾತುಕತೆ ಆದ ಹಾಗಾಗತ್ತೆ ಅತ್ತಿಗೆ" ಎಂದ. ಆಗಲಿ ಬಿಡು ಎಂದರು. ನಡುಮನೆಗೆ ಸಿಮೆಂಟು ಮೂಟೆ ಬಂತು. ಆಗಲಿ ಬಿಡು. ಹಿತ್ತಲಿಗೆ ಪೈಪು, ತಾರಸಿಗೆ ನೀರಿನ ತೊಟ್ಟಿಗಳು. ಕೊನೆಗೆ ದೇವರ ಮನೆ ತಂಪಾಗಿದೆ, ಬಣ್ಣದ ಡಬ್ಬಿ ಕೆಡುವುದಿಲ್ಲ ಎಂದು ಅದಕ್ಕೂ ತನ್ನ ಬೀಗ ಹಾಕಿ, ದೇವರನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮೆಟ್ಟಿಲ ಕೆಳಗೆ ಇಟ್ಟ.

ಅದನ್ನು ನಾನು ಕಣ್ಣಾರೆ ಕಂಡೆ. ಮನೆತನದ ಸಾಲಿಗ್ರಾಮ ಪೊರಕೆಯ ಪಕ್ಕದಲ್ಲಿ ಕೂತಿತ್ತು. ಭಗವಂತನೇನೋ ಎಲ್ಲ ಕಡೆಯೂ ಇದ್ದಾನೆ, ಪೊರಕೆಯ ಪಕ್ಕದಲ್ಲಿಯೂ ಇರಬಲ್ಲ. ಆದರೂ ನನಗೆ ಕೇಳದೆ ಇರಲಾಗಲಿಲ್ಲ.

"ಹೀಗಿಟ್ಟಿದಾನಲ್ಲ ತಾಯಿ, ನಿಮಗೇನೂ ಅನ್ನಿಸಲ್ವೇ?" ಎಂದೆ.

"ಅನ್ನಿಸತ್ತೆ ಅಣ್ಣಯ್ಯ. ತಪ್ಪು ಅಂತ ಗೊತ್ತಾಗತ್ತೆ." ಚೆಲುವಾಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಸೀನು ಬಂದ ಹಾಗಾಗಿ ಬರದೇ ನಿಂತು ಹೋಗತ್ತೆ ನೋಡಿ, ಹಾಗೆ. ಕಾಯ್ತೀನಿ, ಕಾಯ್ತೀನಿ, ಬರೋದಿಲ್ಲ. ಆಮೇಲೆ ಬಾಯಲ್ಲಿ ಆಗಲಿ ಬಿಡು ಅಂತ ಬಂದುಬಿಡತ್ತೆ. ಈಗ ಏನೋ ಪತ್ರ ತರ್ತಾನಂತೆ, ಅಂಗಡಿ ಪರವಾನಗಿಗೆ ರುಜು ಹಾಕಿ ಅತ್ತಿಗೆ ಅಂದ. ಸೋಮವಾರ ಬರ್ತೀನಿ ಅಂದಿದಾನೆ."

"ಓದಿಸಿ ನೋಡಿದ್ರಾ?"

"ಓದೋದಕ್ಕೂ ಸ್ವಲ್ಪ ಸಿಟ್ಟು ಬೇಕಲ್ಲ ಅಣ್ಣಯ್ಯ."

ನಾನು ಅವರನ್ನು ಕರೆದುಕೊಂಡು ಸಂಘಕ್ಕೆ ಹೋದೆ. ಮನೆಯಲ್ಲಿ ಅಂಗಡಿ ಇಡಕೂಡದು ಎನ್ನುವುದು ಕಟ್ಟಳೆ. ಜಾರಿ ಮಾಡಿ ಎಂದು ಕೇಳಿದೆವು. ನಂಜರಾಜಯ್ಯ ಕೋಣೆಯ ಬೀಗ ತೆಗೆದು, ಭರಣಿಗಳನ್ನು ಒಂದೊಂದಾಗಿ ಬೋರಲು ಹಾಕಿ ತೋರಿಸಿದರು. ತಳದಲ್ಲಿ ಏನೂ ಇರಲಿಲ್ಲ. ಬಾಗಿಲಿನ ಹಸಿರು ಗಿಳಿಹಸಿರೋ ಪಾಚಿಹಸಿರೋ ಎನ್ನುವ ವ್ಯಾಜ್ಯಕ್ಕೆ ಒಂದು, ಗುಬ್ಬಿಗೂಡು ಕಟ್ಟಿಸಿಕೊಂಡ ಮನೆಯವರ ಮೇಲೆ ಒಂದು, ಹಪ್ಪಳ ಸಂಡಿಗೆ ಬಾಳಕ ಎಂದು ಬೇಸಗೆ ಪೂರ್ತಿ ಖರ್ಚಾಗಿ ಹೋಗಿತ್ತು.

"ಹಾಗಾದ್ರೆ ನಂದೇ ನನಗೆ ಸ್ವಲ್ಪ ವಾಪಸ್ಸು ಕೊಡಿ" ಎಂದರು ಚೆಲುವಾಜಮ್ಮ. "ಒಂದು ಬೆರಳಿನಷ್ಟು ಸಾಕು."

"ದಾನ ಕೊಟ್ಟದ್ದನ್ನ ವಾಪಸ್ಸು ಕೊಡೋ ಪದ್ಧತಿ ಇಲ್ಲಮ್ಮ. ಅದೂ ಅಲ್ದೆ, ನಿಮ್ಮ ಕೊನೇ ಭರಣಿ ಹೋದ ಚೈತ್ರದಲ್ಲೇ ಖರ್ಚಾಯ್ತು. ಮೇಷ್ಟ್ರು ಖಾಲಿ ಭರಣಿ ತಂದಿಟ್ಟಿದಾರೆ, ನೋಡಿ" ಎಂದರು ನಂಜರಾಜಯ್ಯ, ಬಹಳ ವಿನಯದಿಂದ. ಮೂಲೆಯಲ್ಲಿ ನಿಂತಿದ್ದ ಪುಟ್ಟಮಲ್ಲಪ್ಪ ಮೇಷ್ಟ್ರು ಚಾಪೆಯ ಅಂಚನ್ನು ನೋಡುತ್ತಿದ್ದರು.

ಅಂದೇ ಸಂಜೆ ಸಭೆ ಕರೆದು ನಿಧಿಗೆ ಕೊಡಿ ಎಂದು ಬೇಡಿಕೊಂಡದ್ದಾಯಿತು. ಗುರುಮೂರ್ತಿ, "ನಮ್ಮನೆ ಖರ್ಚಿಗೇ ಸಾಲ್ತಿಲ್ಲ ಸಾರ್" ಎಂದ. ಇನ್ನೊಬ್ಬರು ಮಗಳ ಕಡೆಯ ಬೀಗರು ಬರುವವರಿದ್ದಾರೆ, ಸ್ವಲ್ಪ ಇಟ್ಟುಕೊಂಡಿರಬೇಕು ಎಂದರು. ಸಂಘ ಐಚ್ಛಿಕವಾದ್ದರಿಂದ ಎಲ್ಲರೂ ತಮ್ಮ ಇಚ್ಛೆಯಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆಗ ಎದ್ದು ನಿಂತವನು ರಂಗಧಾಮಯ್ಯ. "ಬಡಾವಣೆಯ ಶಿಸ್ತು ಹಾಳಾಗಬಾರದು. ನನ್ನ ಕೈಲಾದ ಸೇವೆ" ಎಂದು, ಅಮಾವಾಸ್ಯೆಗೂ ಕಾಯದೆ ಮರುದಿನವೇ ಕಂಠದವರೆಗೂ ತುಂಬಿದ ಭರಣಿಯೊಂದನ್ನು ತಂದು ಒಪ್ಪಿಸಿದ. ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟಿದ್ದ. ಕೊಟ್ಟ ಮೇಲೆ ಮುಖ ಎಷ್ಟು ಕಳೆಕಳೆಯಾಗಿತ್ತೆಂದರೆ, ಗಣಪನ ಮುಂದೆ ನಿಂತರೆ ಯಾರಾದರೂ ಭಕ್ತನೆಂದೇ ತಿಳಿಯಬೇಕು. ಸಿಟ್ಟು ಹೋದರೂ ಆಸೆ ಹೋಗಿರಲಿಲ್ಲ. ಆಸೆಗೆ ನಮ್ಮೂರಲ್ಲಿ ಭರಣಿ ಇಲ್ಲ.

ಯಾರ ಸಿಟ್ಟಿನಿಂದ ಯಾರ ಮೇಲೆ ಜಾರಿ ಮಾಡುವುದು ಎಂದು ಕಾರ್ಯಕಾರಿ ಸಮಿತಿ ಯೋಚಿಸಿತು. ದಾನಿಯ ಅಂಗಡಿಯ ಮೇಲೆ ಅವನದೇ ಸಿಟ್ಟನ್ನು ಕಳಿಸುವುದು ಕೃತಘ್ನತೆ ಎಂದು ತೀರ್ಮಾನವಾಯಿತು. ಆದರೆ ನಿಧಿ ಬಂದ ಮೇಲೆ ಏನಾದರೂ ಜಾರಿ ಆಗಬೇಕು. ಅಷ್ಟರಲ್ಲಿ ಸೋಮವಾರ ಬಂತು, ಆ ಬಿಸಿಲು ಬಂತು, ಹಿತ್ತಲಲ್ಲೂ ತಾರಸಿಯಲ್ಲೂ ಜಾಗವಿಲ್ಲದೆ ಚೆಲುವಾಜಮ್ಮ ಬೀದಿ ಜಗಲಿಗೆ ಪಂಚೆ ಹಾಸಿದರು. ದೇವರು ಸಂಘದ ಕಷ್ಟವನ್ನು ನೋಡಿದ.

ಸಂಡಿಗೆಯ ನಾಲ್ಕನೆಯ ಸಾಲು ಇಡುತ್ತಿರುವಾಗ ಪುಟ್ಟಮಲ್ಲಪ್ಪ ಮೇಷ್ಟ್ರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಭರಣಿಗೆ ಬೆರಳದ್ದಿ ಬಂದದ್ದು ನಡಿಗೆಯಲ್ಲೇ ಗೊತ್ತಾಯಿತು. ಇತ್ತೀಚಿನ ತಿಂಗಳುಗಳಲ್ಲಿ ಅವರ ಬೈಗುಳ ತೀರಾ ಮೆತ್ತಗಾಗಿತ್ತು. ಗೇಟಿನ ಮುಂದೆ ನಿಂತು ಬೇಡಿಕೊಳ್ಳುವ ಹಾಗೆ, "ಸ್ವಲ್ಪ ಒಳಗೆ ತಗೊಂಡುಬಿಡಿ, ನನಗೋಸ್ಕರ" ಎನ್ನುತ್ತಿದ್ದರು, ಜನ ಅವರ ಮುಖ ನೋಡಿ ಮಾತು ಕೇಳುತ್ತಿದ್ದರು. ದಾನಿಗಳು ಕಲಬೆರಕೆ ಮಾಡುತ್ತಿದ್ದಾರೆಂದು ನಂಜರಾಜಯ್ಯ ಗೊಣಗುತ್ತಿದ್ದರು. ಇವತ್ತು ಹಾಗಿರಲಿಲ್ಲ. ಕಣ್ಣು ಕೆಂಪು, ಮುಷ್ಟಿ ಬಿಗಿ. ಹಿಂದೆ ಸ್ವಲ್ಪ ದೂರದಲ್ಲಿ ನಂಜರಾಜಯ್ಯ, ಕೊಟ್ಟ ನಿಧಿ ಸರಿಯಾಗಿ ವಿನಿಯೋಗವಾಗುತ್ತದೋ ಎಂದು ನೋಡಲು. ಬೀದಿಯ ಎರಡೂ ಕಡೆ ಹಸಿರು ಬಾಗಿಲುಗಳು ತೆರೆದುಕೊಂಡವು.

"ಬೀದಿಗೆ ಕಾಣುವಂತೆ..." ಎಂದು ಶುರುಮಾಡಿದ ಮೇಷ್ಟ್ರ ಬಾಯಿ ಅಲ್ಲಿಗೇ ಸೊಟ್ಟಗಾಯಿತು. ಆಮೇಲೆ ಬಂದದ್ದು ಅವರ ದನಿ, ರಂಗಧಾಮಯ್ಯನ ಮಾತು. "ಅಣ್ಣ ಹೋದ, ಇವಳು ಹೋಗಲ್ಲ. ಕಲ್ಲುಗುಂಡಿನ ಹಾಗೆ ಕೂತಿದಾಳೆ. ಎಷ್ಟು ದಿನ ಅಂತ ಅತ್ತಿಗೆ ಅತ್ತಿಗೆ ಅಂತ ಹಲ್ಲು ಕಿಸೀಲಿ ನಾನು? ಪರವಾನಗಿ ಅಂದ್ಕೊಂಡು ರುಜು ಹಾಕ್ತಾಳೆ ಮಂಕು. ಹಾಕಲಿ. ಮನೆ ನನ್ನ ಹೆಸರಿಗೆ ಬಂದ ದಿನವೇ ಇವಳನ್ನೂ ಆ ಪೆಟ್ಟಿಗೆ ದೇವರನ್ನೂ ಊರಾಚೆ ವೃದ್ಧಾಶ್ರಮದ ಬಾಗಿಲಲ್ಲಿ ಇಳಿಸಿ ಬರ್ತೀನಿ."

ಮೇಷ್ಟ್ರು ತಮ್ಮ ಬಾಯನ್ನು ಎರಡು ಕೈಯಿಂದಲೂ ಮುಚ್ಚಿಕೊಂಡಿದ್ದರು. ತಾನು ಏನಂದೆ ಎಂದು ಅವರಿಗೆ ಕೇಳಿಸಿತ್ತು, ಎಲ್ಲರಿಗೂ ಕೇಳಿಸಿತ್ತು.

ಇಂಥ ಮಾತು ಕೇಳಿದ ಮೇಲೆ ಬೇರೆ ಊರಾಗಿದ್ದರೆ ಯಾರಾದರೂ ಒಬ್ಬರು ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದರೋ ಏನೋ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಛೆ, ಹೀಗಾಗಬಾರದಿತ್ತು" ಎಂದರು ಒಬ್ಬರು. "ಏನೇ ಇರಲಿ, ಮಾತು ಸ್ವಲ್ಪ ಒರಟಾಯ್ತು" ಎಂದ ಗುರುಮೂರ್ತಿ. ನಂಜರಾಜಯ್ಯ ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ಸಂಡಿಗೆ ವಿಷಯ ಉಳಿದೇ ಹೋಯ್ತಲ್ಲ" ಎಂದರು.

ಚೆಲುವಾಜಮ್ಮ ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಯ ಅಂಚಿಗೆ ಒರೆಸಿದರು. ಅವರ ಮುಖದಲ್ಲಿ ಏನೋ ಬಂದ ಹಾಗಾಯಿತು. ತುಟಿ ಅದುರಿತು, ಮೂಗಿನ ಹೊಳ್ಳೆ ಅರಳಿತು. ನಾನು ಮನಸ್ಸಿನಲ್ಲೇ ಗಣಪನನ್ನು ಕರೆದೆ. ಸಿಟ್ಟು ಬರಲಿಲ್ಲ. "ಆಗಲಿ ಬಿಡಿ ಮೇಷ್ಟ್ರೇ. ಸಂಡಿಗೆ ತೆಗೀತೀನಿ" ಎಂದು ಅವರು ಮೂಲೆಯ ಕಲ್ಲನ್ನು ಎತ್ತಿದರು. ಕಣ್ಣಿನಲ್ಲಿ ನೀರು ಮಾತ್ರ ಇಳಿಯುತ್ತಿತ್ತು. ಅದನ್ನು ಸಂಘ ಯಾವತ್ತೂ ಕೇಳಿರಲಿಲ್ಲವಾದ್ದರಿಂದ ಅದಿನ್ನೂ ಅವರಲ್ಲೇ ಇತ್ತು.

ಮೇಷ್ಟ್ರು ಕಲ್ಲನ್ನು ಅವರ ಕೈಯಿಂದ ತೆಗೆದು ಮತ್ತೆ ಪಂಚೆಯ ಮೂಲೆಗೆ ಇಟ್ಟರು. "ತೆಗೀಬೇಡಿ. ಒಣಗಲಿ" ಎಂದು ಹೇಳಿ, ಬಂದ ದಾರಿಯಲ್ಲೇ ಬೇಗಬೇಗ ಹೋದರು.

ಅವರು ತಿರುಗಿ ಬರುವಷ್ಟರಲ್ಲಿ ರಂಗಧಾಮಯ್ಯ ಬಂದಿದ್ದ. ಹಣೆಯಲ್ಲಿ ಗಂಧ, ಕಂಕುಳಲ್ಲಿ ಪತ್ರ, ಜೇಬಿನಲ್ಲಿ ಹೊಸ ಪೆನ್ನು, ಸೊಂಟದಲ್ಲಿ ಬೀಗದಕೈ ಗೊಂಚಲು. ಬೀದಿಯಲ್ಲಿ ನಡೆದದ್ದು ಅವನ ಕಿವಿಗೂ ಬಿದ್ದಿತ್ತು. ಅದಕ್ಕಾಗಿ ಅವನಿಗೆ ನಾಚಿಕೆಯಾಗಲಿ ಕೋಪವಾಗಲಿ ಇರಲಿಲ್ಲ. "ಮೇಷ್ಟ್ರ ಬಾಯಲ್ಲಿ ಏನೇನೋ ಬಂತಂತೆ ಅತ್ತಿಗೆ, ಅದೆಲ್ಲ ಹಳೇದು. ಕೊಟ್ಟಾಯ್ತು, ಹೋಯ್ತು. ಈಗ ನನ್ನ ಮನಸ್ಸಲ್ಲಿ ನಿಮ್ಮ ಮೇಲೆ ಏನೂ ಇಲ್ಲ ನೋಡಿ" ಎಂದು ನಕ್ಕ. ನಿಜವನ್ನೇ ಹೇಳುತ್ತಿದ್ದ. "ಇಲ್ಲಿ ಒಂದು ರುಜು, ಹಿಂದುಗಡೆ ಒಂದು."

ಚೆಲುವಾಜಮ್ಮ ಪೆನ್ನಿಗೆ ಕೈ ಚಾಚಿದರು. ಕೈಗೆ ಹಿಟ್ಟು ಮೆತ್ತಿಕೊಂಡಿತ್ತು. "ಪತ್ರ ಕೊಳೆಯಾಗತ್ತೆ, ಕೈ ತೊಳ್ಕೊಂಡು ಬರ್ತೀನಿ ಇರು" ಎಂದು ಎದ್ದರು. ಆ ಹಿಟ್ಟು ಆ ದಿನ ಅವರ ಕೈಗೆ ಮೆತ್ತಿದ್ದು ಭಗವಂತನ ಕೃಪೆ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅಷ್ಟರಲ್ಲಿ ಮೇಷ್ಟ್ರು ಬಂದರು. ಹೆಗಲ ಮೇಲಿನ ಟವೆಲಿನ ಅಡಿಯಲ್ಲಿ ಏನೋ ಬಚ್ಚಿಟ್ಟುಕೊಂಡಿದ್ದರು. ಜಗಲಿಗೆ ಬಂದು ಟವೆಲು ಸರಿಸಿ ಅದನ್ನು ಚೆಲುವಾಜಮ್ಮನ ಮುಂದಿಟ್ಟರು. ಕಂದು ಬಣ್ಣದ ಪಿಂಗಾಣಿ ಭರಣಿ, ಬಾಯಿಗೆ ಕಟ್ಟಿದ ಸೀರೆಯ ತುಂಡು. ಆ ಸೀರೆ ಚೆಲುವಾಜಮ್ಮನದೇ.

"ನಿಮ್ಮ ಕೊನೇ ಭರಣಿ ಅಮ್ಮ. ಖರ್ಚಾಯ್ತು ಅಂತ ಬರೆಸಿ, ಬೇರೆ ಖಾಲಿ ಭರಣಿ ತಂದಿಟ್ಟೆ" ಎಂದರು ಮೇಷ್ಟ್ರು, ನೆಲ ನೋಡುತ್ತ. "ಗುಬ್ಬಿಗೂಡಿಗೆ ಬೈದು ಬಾ ಅಂತ ಇದನ್ನ ಕೊಟ್ಟಿದ್ರು. ಬಟ್ಟೆ ಬಿಚ್ಚಿದೆ. ಇಷ್ಟು ದೊಡ್ಡ ಸಂಕಟವನ್ನ ಗುಬ್ಬಿಗೆ ಖರ್ಚು ಮಾಡೋಕೆ ಮನಸ್ಸು ಬರಲಿಲ್ಲ. ಹಾಗೇ ಕಟ್ಟಿಟ್ಟೆ. ಆಮೇಲೆ ನಾನು ಬೈಯೋ ಬದಲು ಹೋಗಿ ಕೈಮುಗೀತಿದ್ದೆ, ಅಷ್ಟೆ."

ನಂಜರಾಜಯ್ಯ ಮುಂದೆ ಬಂದರು. "ಮೇಷ್ಟ್ರೇ, ಅದು ಸಂಘದ ಆಸ್ತಿ."

"ಹೌದು ಸಾರ್. ನನ್ನನ್ನ ಬೈಯಿರಿ."

ನಂಜರಾಜಯ್ಯ ಬಾಯಿ ತೆರೆದರು. ಬೈಯಲು ಅವರಿಗೂ ಸಿಟ್ಟು ಬೇಕಿತ್ತು. ಅಧ್ಯಕ್ಷರಾದವರು ಮಾದರಿಯಾಗಿರಬೇಕೆಂದು ಅವರು ತಮ್ಮದನ್ನೆಲ್ಲ ಎಂದೋ ಕೊಟ್ಟಿದ್ದರು. ಬಾಯಿ ಸ್ವಲ್ಪ ಹೊತ್ತು ತೆರೆದೇ ಇತ್ತು, ಆಮೇಲೆ ಮುಚ್ಚಿಕೊಂಡಿತು.

ಚೆಲುವಾಜಮ್ಮ ಗಂಟು ಬಿಚ್ಚಿ, ಹಿಟ್ಟಿನ ಬೆರಳನ್ನೇ ಅದ್ದಿ ನಾಲಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮಾತು ಮೆಲ್ಲಗೆ ಶುರುವಾಯಿತು, ಗಂಡನ ಜೊತೆ ಆಡುವ ಹಾಗೆ.

"ಮುಂದಿನ ಕೋಣೆ ಬೀಗದಕೈ ನಿಮ್ಮ ತಮ್ಮನ ಕೈಗೆ ಕೊಟ್ಟಿರಂತಲ್ಲ. ಯಾರನ್ನ ಕೇಳಿ ಕೊಟ್ರಿ? ಈ ಮನೆ ನಮ್ಮಪ್ಪ ನನ್ನ ಹೆಸರಿಗೆ ಬರೆದದ್ದು. ನಾನಿಲ್ಲಿ ಅಡಿಗೆಗೆ ಇರೋಳಲ್ಲ. ಕೊಡೋದಾದ್ರೆ ನಿಮ್ಮ ಪಂಚೆ ಬಿಚ್ಚಿ ಕೊಡಿ, ನನ್ನ ಬಾಗಿಲು ಕೊಡಬೇಡಿ. ನಾಲ್ಕು ದಿನ ಅಂತ ಬಂದೋನು ನಾಲ್ಕು ಕೋಣೆ ಹಿಡೀತಾನೆ, ನೋಡ್ತಿರಿ. ನಾಳೆ ಬೆಳಿಗ್ಗೆ ಆ ಬೀಗದಕೈ ನನ್ನ ಕೈಗೆ ಬರಬೇಕು."

ಅಲ್ಲಿಗೆ ಭರಣಿಯ ಮಾತು ಮುಗಿದಿರಬೇಕು. ಚೆಲುವಾಜಮ್ಮ ಕಣ್ಣು ಬಿಟ್ಟರು. ಎದುರಿಗೆ ಗಂಡ ಇರಲಿಲ್ಲ, ಮೈದುನ ಇದ್ದ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಆಡಿದ ಮಾತು ಭರಣಿಯದಲ್ಲ, ಆ ಹೊತ್ತಿಗೆ ಹುಟ್ಟಿದ್ದು. ದನಿ ಏರಲಿಲ್ಲ.

"ನನ್ನ ದೇವರನ್ನ ಪೊರಕೆ ಪಕ್ಕ ಇಟ್ಟೆಯಲ್ಲೋ, ರಂಗಧಾಮ."

ರಂಗಧಾಮಯ್ಯ ಏನೋ ಎದುರು ಹೇಳಲು ತನ್ನೊಳಗೆ ಹುಡುಕಿದ. ಹುಡುಕುತ್ತಿರುವುದು ಅವನ ಮುಖದಲ್ಲಿ ನಮಗೆಲ್ಲ ಕಾಣುತ್ತಿತ್ತು. ಕಂಠದವರೆಗೂ ತುಂಬಿಸಿ ಕೊಟ್ಟವನಲ್ಲಿ ಎದುರಾಡುವಷ್ಟು ಸಿಟ್ಟು ಎಲ್ಲಿ ಉಳಿದೀತು? ಪತ್ರವನ್ನು ಮಡಿಚಿ ಜೇಬಿಗೆ ಹಾಕಿಕೊಂಡ. "ಆಗಲಿ ಬಿಡಿ, ಅತ್ತಿಗೆ" ಎಂದ, ಮೆತ್ತಗೆ. ಸೊಂಟದಿಂದ ಬೀಗದಕೈ ಗೊಂಚಲು ತೆಗೆದು, ಹಸಿ ಸಂಡಿಗೆಗೆ ತಾಕದ ಹಾಗೆ ನೋಡಿಕೊಂಡು, ಬಿಳಿ ಪಂಚೆಯ ಅಂಚಿನಲ್ಲಿ ಇಟ್ಟ.